ಕೆಂಪಾಗದ ಲೋಹ

ಹೆಣ್ಣೂರು ಬಂಡೆಯ ಹತ್ತಿರ, ಬೆಳಗಿನ ಜಾವ ನಾಲ್ಕಕ್ಕೆ,
ನೀರು ತುಂಬಿದ ಗುಂಡಿಯೊಂದು ರಸ್ತೆಯಂತೆ ನಟಿಸುತ್ತಿತ್ತು.
ಧಡ್ ಅಂತು. ಆಮೇಲೆ ಸ್ಟೀರಿಂಗಿನಲ್ಲಿ ಸಣ್ಣ ನಡುಕ,
ಜ್ವರ ಬರುವ ಮುಂಚಿನ ಮೈ ಥರ.

ಜೆ.ಸಿ. ರೋಡಿನ ಹಿಂದಿನ ಓಣಿ. ದಸ್ತಗೀರ್ ಮೇಸ್ತ್ರಿ
ಗಾಡಿ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ;
ಚಕ್ರ ಬಿಚ್ಚಿ, ಟೈರು ಕಳಚಿ, ಗೂಟಕ್ಕೆ ತೂಗುಹಾಕಿ
ಮರದ ಸುತ್ತಿಗೆಯಿಂದ ಒಮ್ಮೆ ತಟ್ಟಿದ.
ಪಕ್ಕದಲ್ಲಿದ್ದ ಯಾರದೋ ಚಕ್ರವನ್ನೂ ತಟ್ಟಿದ.
ಅದು ಗಂಟೆ. ನಂದು ಮಡಕೆ.

"ಸೊಟ್ಟ ಆಗಿದ್ರೆ ಎಳೀಬಹುದಮ್ಮಾ, ಅದೂ ಸ್ವಲ್ಪ ಆಗಿದ್ರೆ.
ಗೀರು ಬಿದ್ದಿದ್ರೆ ಉಜ್ಜಿ ಬಣ್ಣ ಬಳೀಬಹುದು.
ಸೀಳು ಬೇರೆ."

ಕಬ್ಬಿಣ ಒಳ್ಳೇದು, ಅಂದ. ಕಾಸಿದರೆ ಕೆಂಪಾಗುತ್ತೆ,
ಸಾಕು ಬಿಡಪ್ಪ ಅಂತ ಬಾಯಿ ಬಿಟ್ಟು ಹೇಳುತ್ತೆ.
ಇದು ಕಡೇ ತನಕ ಬೆಳ್ಳಗೇ ನಗ್ತಾ ಇದ್ದು
ತಟಕ್ಕನೆ ಕುಸಿಯುತ್ತೆ.
ಅದಕ್ಕೇ ಬಟ್ಟೆ ಸೋಪಲ್ಲಿ ಗೆರೆ ಎಳೀತೀನಿ;
ಸೋಪು ಕಂದು ತಿರುಗಿತೋ, ಬೆಂಕಿ ತೆಗೀಬೇಕು.
ತೆಗೆಯದವರೂ ಇದ್ದಾರೆ.

ಕೆಂಪು ದ್ರವ ಬಳಿದು ಟೀ ತರಿಸಿದ.
ಲೋಟ ಖಾಲಿಯಾದ ಮೇಲೆ ಒರೆಸಿ, ಬಿಳಿ ಪುಡಿ ಊದಿದ.
ಏನೂ ಇರಲಿಲ್ಲ.
ಆಮೇಲೆ ಆ ಬಿಳಿಯ ಒಳಗಿಂದ, ಯಾರೂ ಎಳೆಯದೆ,
ಒಂದು ಕೆಂಪು ಕೂದಲು ನಿಧಾನಕ್ಕೆ ಮೇಲೆ ಬಂತು.

ಗುಂಡಿ ಹೊಡೆದ ಕಡೆ ಅಲ್ಲ. ಅದರ ಎದುರು ಬದಿ, ಕಡ್ಡಿಯ ಬುಡದಲ್ಲಿ.
ಮೇಸ್ತ್ರಿ ಚಾಕುವಿನ ತುದಿಯಿಂದ ಬೆಳ್ಳಿ ಬಣ್ಣ ಕೆರೆದ:
ಕೆಳಗೆ ಯಾರೋ ಹಾಕಿದ್ದ ಹಳೇ ವೆಲ್ಡಿಂಗು,
ಅವಸರದ ಹೊಲಿಗೆಯ ಹಾಗೆ ಉಬ್ಬುಬ್ಬಾಗಿ.
"ಇದು ನೀನು ಗಾಡಿ ತಗೊಳ್ಳೋಕೆ ಮುಂಚಿನದ್ದು."

ಎರಡು ವರ್ಷ.
ಹೆಬ್ಬಾಳ ದಾಟಿದ ಮೇಲೆ ಎಂಬತ್ತು, ಖಾಲಿ ಇದ್ದರೆ ಇನ್ನೂ ಸ್ವಲ್ಪ.
ಹಿಂದಿನ ಸೀಟಲ್ಲಿ ಬಾಯಿ ತೆರೆದು ಮಲಗಿದವರು;
ವಿಮಾನದ ಕಿಟಕಿ ತೆಗೆಯಬಹುದಾ ಅಂತ ನನ್ನನ್ನು ಕೇಳಿದ,
ಮಸ್ಕತ್ತಿಗೆ ಹೊರಟಿದ್ದ ನರ್ಸು ಹುಡುಗಿ;
ದಾರಿಯುದ್ದಕ್ಕೂ ಮಗುವಿನ ಟೋಪಿ ಸರಿಮಾಡುತ್ತಿದ್ದ ಒಬ್ಬ ಅಪ್ಪ.
ಎಲ್ಲರೂ ಐದು ಸ್ಟಾರ್ ಒತ್ತಿ ಇಳಿದವರೇ.

ಹೊಸದಕ್ಕೆ ಒಂಬತ್ತು ಸಾವಿರ. ವೆಲ್ಡಿಂಗಿಗೆ ಸಾವಿರದಿನ್ನೂರು.
"ನೀವೇ ಹಾಕಿಕೊಡಿ, ನಿಧಾನಕ್ಕೆ ಓಡಿಸ್ತೀನಿ" ಅಂದೆ.
ಇಷ್ಟೆಲ್ಲ ನೋಡಿದ ಮೇಲೂ ಅಂದೆ.
ಅವತ್ತು ಇಪ್ಪತ್ತೆಂಟನೇ ತಾರೀಖು; ಕಂತು ಐದಕ್ಕೆ.
"ಪಕ್ಕದ ಅಂಗಡೀಲಿ ಮಾಡ್ತಾರೆ."
"ಮಾಡ್ತಾರೆ" ಅಂದ. "ಚೆನ್ನಾಗೂ ಕಾಣುತ್ತೆ."

ಮತ್ತೆ ಮಾತಿಲ್ಲ. ಬೇರೆ ಯಾರದೋ ಚಕ್ರಕ್ಕೆ ಸೋಪು ಉಜ್ಜತೊಡಗಿದ.
ಗ್ರೈಂಡರಿನ ವೈರು ನನ್ನ ಕಾಲ ಹತ್ತಿರವೇ ಬಿದ್ದಿತ್ತು.
ಎಷ್ಟು ಹೊತ್ತು ನಿಂತೆನೋ.
ಕತ್ತರಿಸಿಬಿಡಿ, ಅಂದೆ. ಇಡಿಯಾಗಿ ಬಿಟ್ಟರೆ
ನಾಳೆ ಬಣ್ಣ ಹೊಡಕೊಂಡು ಇನ್ನೊಬ್ಬಳ ಗಾಡಿಗೆ ಬರುತ್ತೆ.

ಕತ್ತರಿಸುವಾಗಲೂ ಅದು ಒಂದು ಕಿಡಿ ಹಾರಿಸಲಿಲ್ಲ.
ಗುಜರಿಯವನು ತೂಗಿದ. ಎಂಟು ಕೆಜಿ.
ಕೊಟ್ಟಿದ್ದು ಅದೇ ಸಾವಿರದಿನ್ನೂರು.

ಉಳಿದ ಮೂರನ್ನೂ ತಟ್ಟಿಸಿದೆ:
ಗಂಟೆ. ಗಂಟೆ. ಗಂಟೆ.
ನಾಲ್ಕನೆಯದಕ್ಕೆ ಕಲಾಸಿಪಾಳ್ಯದ ಹಳೇ ಕಬ್ಬಿಣದ ಚಕ್ರ,
ಮೂರು ಬೆಳ್ಳಿ ಹೂವಿನ ಜೊತೆ ಒಂದು ದೋಸೆ ಹಂಚು.
"ಇದಕ್ಕೆ ನಟ್ಟು ಬೇರೆ. ಹಳೇದು ಹಾಕಬೇಡ.
ಐವತ್ತು ಕಿಲೋಮೀಟರ್ ಆದಮೇಲೆ ಮತ್ತೆ ಬಿಗಿ ಮಾಡ್ಕೊ."

ಐವತ್ತು ಆಗಿದ್ದು ರಾತ್ರಿ, ಸಾದಹಳ್ಳಿ ಟೋಲ್ ಹತ್ತಿರ.
ಇಂಡಿಕೇಟರ್ ಹಾಕಿ ಬದಿಗೆ ನಿಲ್ಲಿಸಿದೆ.
ಹಿಂದೆ ಕೂತವರು ಗಡಿಯಾರ ನೋಡಿಕೊಂಡರು. "ಏನಾಯ್ತು?"
"ಏನೂ ಆಗಿಲ್ಲ ಸಾರ್" ಅಂದೆ, ಡಿಕ್ಕಿಯಿಂದ ಸ್ಪ್ಯಾನರ್ ತೆಗೆಯುತ್ತಾ.
ಲಾರಿಗಳ ಗಾಳಿಗೆ ದುಪಟ್ಟಾ ಸೊಂಟಕ್ಕೆ ಬಿಗಿದು, ಮೊಣಕಾಲೂರಿ,
ಒಂದು ಬಿಟ್ಟು ಒಂದರಂತೆ.

ನಾಲ್ಕನೇ ನಟ್ಟು ಕಾಲು ಸುತ್ತು ಬಂತು.